ಭಾರತದ ಹಾಯಿದೋಣಿ ಕ್ರೀಡೆಗೆ ಬೇಕಿರುವುದು ಪಕ್ಕದ ದೋಣಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ಮಾರ್ಸೇ ನಗರದ ಕಡಲಲ್ಲಿ ನಡೆದವು. ಒಟ್ಟು ಹತ್ತು ಚಿನ್ನ. ಯಾವ ದೇಶಕ್ಕೂ ಎರಡಕ್ಕಿಂತ ಹೆಚ್ಚು ಸಿಗಲಿಲ್ಲ. ಎರಡೆರಡು ಗೆದ್ದ ಮೂರು ದೇಶಗಳೆಂದರೆ ಇಟಲಿ, ನೆದರ್‌ಲ್ಯಾಂಡ್ಸ್ ಮತ್ತು ಆಸ್ಟ್ರಿಯಾ. ಆಸ್ಟ್ರಿಯಾಕ್ಕೆ ಗೇಣುದ್ದದ ಕರಾವಳಿಯೂ ಇಲ್ಲ.

ಅದೇ ನೀರಿನಲ್ಲಿ ಭಾರತದಿಂದ ಇಬ್ಬರು ಸ್ಪರ್ಧಿಸಿದ್ದರು. ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ ಐಎಲ್‌ಸಿಎಯ ಪುರುಷರ ವಿಭಾಗವಾದ ಐಎಲ್‌ಸಿಎ 7ರಲ್ಲಿ ಸೇನೆಯ ವಿಷ್ಣು ಸರವಣನ್ 43 ಮಂದಿಯಲ್ಲಿ 18ನೆಯವರಾದರು. ಮಹಿಳೆಯರ ಐಎಲ್‌ಸಿಎ 6ರಲ್ಲಿ ಚೆನ್ನೈನ ನೇತ್ರಾ ಕುಮನನ್ 43 ಮಂದಿಯಲ್ಲಿ 21ನೆಯವರಾದರು. ಟೋಕಿಯೊದಲ್ಲಿ ವಿಷ್ಣು 20ನೇ, ನೇತ್ರಾ 35ನೇ ಸ್ಥಾನದಲ್ಲಿದ್ದರು. ಇಬ್ಬರದೂ ನಿಜವಾದ ಏರಿಕೆ, ಅದನ್ನು ಕಡಿಮೆ ಅಂದಾಜು ಮಾಡಬಾರದು. ಆದರೆ ಅವರ ಹಿಂದೆ ಬರುತ್ತಿರುವವರು ಎಷ್ಟು ಮಂದಿ ಎಂದು ನೋಡಿದಾಗ ಆತಂಕವಾಗುತ್ತದೆ. ದಶಕಗಳ ಕಾಲ 7,516 ಕಿಲೋಮೀಟರ್ ಎಂದು ಶಾಲೆಯಲ್ಲಿ ಕಲಿತ ನಮ್ಮ ಕರಾವಳಿಯ ಉದ್ದವನ್ನು ಕೇಂದ್ರ ಸರ್ಕಾರ ಈಚೆಗೆ ಹೊಸದಾಗಿ ಅಳೆಸಿ 11,098 ಕಿಲೋಮೀಟರ್ ಎಂದು ಪ್ರಕಟಿಸಿದೆ. ಈ ಅಂಕಿಯನ್ನು ಮುಂದಿಟ್ಟು 'ಇಷ್ಟು ಕಡಲಿದ್ದೂ ಪದಕವೇಕಿಲ್ಲ' ಎಂದು ಕೇಳುವುದು ವಾಡಿಕೆಯಾಗಿದೆ. ಆ ಪ್ರಶ್ನೆ ಹೊರಡುವುದೇ ತಪ್ಪು ದಿಕ್ಕಿನಿಂದ. ಹಾಯಿದೋಣಿ ಸ್ಪರ್ಧಿ ತಯಾರಾಗುವುದು ಕರಾವಳಿಯ ಉದ್ದದಿಂದಲ್ಲ, ದಿನವೂ ತನ್ನ ಅಕ್ಕಪಕ್ಕ ಓಡುವ ದೋಣಿಗಳಿಂದ. ಭಾರತದಲ್ಲಿ ಆ ದೋಣಿಗಳೇ ಇಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂಬುದು ತಿಳಿಯಬೇಕಾದರೆ ರೇಸ್ ಆರಂಭವಾಗುವ ರೀತಿಯನ್ನು ನೋಡಬೇಕು.

ಐದು ನಿಮಿಷದ ಲೆಕ್ಕಾಚಾರ

ಹಾಯಿದೋಣಿಯ ಆರಂಭದ ಗೆರೆ ನೀರಿನ ಮೇಲಿನ ಕಾಣದ ಗೆರೆ. ಒಂದು ತುದಿಯಲ್ಲಿ ತೀರ್ಪುಗಾರರ ಕಮಿಟಿ ಬೋಟ್, ಇನ್ನೊಂದು ತುದಿಯಲ್ಲಿ ಲಂಗರು ಹಾಕಿದ ತೇಲುಗುರುತು, ಅಂದರೆ ಬೋಯ. ಅದಕ್ಕೆ 'ಪಿನ್' ಎನ್ನುತ್ತಾರೆ. ಆರಂಭಕ್ಕೆ ಐದು ನಿಮಿಷ ಇರುವಾಗ ದೋಣಿವರ್ಗದ ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ಎರಡನೇ ಬಾವುಟ ಏರುತ್ತದೆ, ಒಂದು ನಿಮಿಷಕ್ಕೆ ಅದು ಇಳಿಯುತ್ತದೆ, ಸೊನ್ನೆಗೆ ಮೊದಲ ಬಾವುಟವೂ ಇಳಿದಾಗ ರೇಸ್ ಶುರು. ಓಟದ ಸ್ಪರ್ಧಿಯಂತೆ ಇಲ್ಲಿ ಯಾರೂ ಗೆರೆಯ ಮೇಲೆ ನಿಂತಿರಲಾರರು. ದೋಣಿಗೆ ಬ್ರೇಕ್ ಇಲ್ಲ, ಕೆಳಗೆ ನೀರು ಸರಿಯುತ್ತಿರುತ್ತದೆ. ಗೆರೆಗೆ ಒಂದೂವರೆ ದೋಣಿಯುದ್ದ ಹಿಂದೆ ಹಾಯಿಯನ್ನು ಸಡಿಲ ಬಿಟ್ಟು, ಅದು ಪಟಪಟ ಬಡಿಯುತ್ತಿರುವಾಗಲೇ ಜಾಗ ಕಾದುಕೊಂಡು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಹಗ್ಗ ಎಳೆದು ಪೂರ್ಣ ವೇಗದಲ್ಲಿ ಗೆರೆ ದಾಟಬೇಕು.

ಮೊದಲ ಗುರುತು ಗಾಳಿ ಬರುವ ದಿಕ್ಕಿನಲ್ಲೇ ಇರುತ್ತದೆ. ದೋಣಿ ನೇರವಾಗಿ ಗಾಳಿಗೆದುರು ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೂತಿ ತಿರುಗಿಸುತ್ತ, ಅಂದರೆ ಟ್ಯಾಕ್ ಮಾಡುತ್ತ ಏರಬೇಕು. ಹೀಗಾಗಿ ಗೆರೆಯ ಯಾವ ತುದಿ ಗಾಳಿಯ ಮೂಲಕ್ಕೆ ಹತ್ತಿರವಿದೆ ಎಂಬುದು ದೊಡ್ಡ ವಿಷಯ. 4.2 ಮೀಟರ್ ಉದ್ದದ 60 ಐಎಲ್‌ಸಿಎ ದೋಣಿಗಳಿಗೆ ಹಾಕುವ ಗೆರೆ ಸುಮಾರು 315 ಮೀಟರ್, ಅಂದರೆ ಎಲ್ಲ ದೋಣಿಗಳ ಒಟ್ಟು ಉದ್ದದ ಒಂದೂಕಾಲು ಪಟ್ಟು. ಗಾಳಿಗೆ ಸರಿಯಾಗಿ ಅಡ್ಡವಾಗಿರಬೇಕಾದ ಆ ಗೆರೆ ಹತ್ತೇ ಡಿಗ್ರಿ ಓರೆಯಾಗಿದ್ದರೂ ಒಂದು ತುದಿ ಇನ್ನೊಂದಕ್ಕಿಂತ 55 ಮೀಟರ್ ಮುಂದಿರುತ್ತದೆ. ಅದು ಹದಿಮೂರು ದೋಣಿಯುದ್ದ. ಇದನ್ನು ಅರವತ್ತೂ ಮಂದಿ ಬಲ್ಲರು, ಅರವತ್ತೂ ಮಂದಿ ಅದೇ ತುದಿಗೆ ನುಗ್ಗುತ್ತಾರೆ.

ಈಗ ಹದಿನೈದು ದೋಣಿಗಳ ರೇಸ್ ನೆನೆಸಿಕೊಳ್ಳಿ. ಗೆರೆ 80 ಮೀಟರ್. ಅದೇ ಹತ್ತು ಡಿಗ್ರಿ ಓರೆಗೆ ಲಾಭ ಬರೀ 14 ಮೀಟರ್. ಆರಂಭದಲ್ಲಿ ಮೂರು ಸೆಕೆಂಡ್ ತಡವಾದರೂ ಪಕ್ಕದಲ್ಲಿ ಖಾಲಿ ಜಾಗ ಇರುತ್ತದೆ, ಟ್ಯಾಕ್ ಮಾಡಿ ಹೊಸ ಗಾಳಿಗೆ ಹೋಗಬಹುದು. ದೊಡ್ಡ ಫ್ಲೀಟ್‌ನಲ್ಲಿ, ಅಂದರೆ ದೋಣಿಗಳ ದೊಡ್ಡ ಗುಂಪಿನಲ್ಲಿ, ಆ ಬಾಗಿಲು ಮುಚ್ಚಿರುತ್ತದೆ. ಮುಂದಿನ ದೋಣಿಯ ಹಾಯಿ ಕಲಕಿದ ಗಾಳಿ ಹಾಯಿಮರದ ಎತ್ತರದ ಹಲವು ಪಟ್ಟು ದೂರದವರೆಗೂ ಹಿಂದಿನವರನ್ನು ಕಾಡುತ್ತದೆ. ಅದರಲ್ಲಿ ಸಿಕ್ಕವರ ವೇಗ ಇಳಿಯುತ್ತದೆ, ಇಳಿದಷ್ಟೂ ಇನ್ನಷ್ಟು ದೋಣಿಗಳ ಹಿಂದೆ ಬೀಳುತ್ತಾರೆ. ಮೂರು ಸೆಕೆಂಡಿನ ತಪ್ಪು ಮೂವತ್ತು ಸ್ಥಾನಗಳ ತಪ್ಪಾಗುವುದು ಹೀಗೆ.

ಇನ್ನೊಂದು ಸೂಕ್ಷ್ಮವಿದೆ. ಉದ್ದ ಗೆರೆಯ ನಡುವಿನಲ್ಲಿರುವವರಿಗೆ ಎರಡೂ ತುದಿಗಳು ಸರಿಯಾಗಿ ಕಾಣುವುದಿಲ್ಲ. ಗೆರೆ ದಾಟಿಬಿಟ್ಟೆನೇನೋ ಎಂಬ ಅಂಜಿಕೆಯಲ್ಲಿ ಎಲ್ಲರೂ ಒಂದೆರಡು ದೋಣಿಯುದ್ದ ಹಿಂದೆಯೇ ಉಳಿಯುತ್ತಾರೆ, ಸಾಲು ನಡುವಿನಲ್ಲಿ ಜೋತುಬೀಳುತ್ತದೆ. ಮೊದಲೇ ಗೆರೆಯ ಹೊರಗೆ ನಿಂತು ಕಮಿಟಿ ಬೋಟ್, ಪಿನ್ ಮತ್ತು ಅದರಾಚೆಯ ದಡದ ಒಂದು ಕಟ್ಟಡವೋ ಮರವೋ ಒಂದೇ ನೇರಕ್ಕೆ ಬರುವಂತೆ ಗುರುತು ಹಿಡಿದಿಟ್ಟವರು ಅಲ್ಲಿ ಧೈರ್ಯವಾಗಿ ಮುಂದೆ ಹೋಗಬಲ್ಲರು. ಈ ಧೈರ್ಯಕ್ಕೆ ಶಿಕ್ಷೆಯ ಭಯವೂ ಅಂಟಿಕೊಂಡಿದೆ. ಎರಡನೇ ಬಾವುಟವಾಗಿ ಯು ಅಕ್ಷರವನ್ನು ಸೂಚಿಸುವ ಬಾವುಟ ಹಾರಿದ್ದರೆ ಕೊನೆಯ ನಿಮಿಷದಲ್ಲಿ ಗೆರೆಯ ಎರಡು ತುದಿ ಮತ್ತು ಮೊದಲ ಗುರುತು ಸೇರಿ ಆಗುವ ತ್ರಿಕೋನದೊಳಗೆ ಸಿಕ್ಕವರು ಆ ರೇಸ್‌ನಿಂದ ಅನರ್ಹರು. ಆರಂಭ ರದ್ದಾಗಿ ಮತ್ತೆ ಶುರುವಾದರೆ ಅವರು ಮತ್ತೆ ಓಡಬಹುದು. ಕಪ್ಪು ಬಾವುಟವಾಗಿದ್ದರೆ ಮರು ಆರಂಭದಲ್ಲೂ ಅವಕಾಶವಿಲ್ಲ. ಇಂಥ ನೂರಾರು ಆರಂಭಗಳನ್ನು ಕಂಡವರ ಕೈಗೆ ಮಾತ್ರ ಒಂದು ಸೆಕೆಂಡಿನ ಅಂದಾಜು ಸಿಗುತ್ತದೆ. ಪುಸ್ತಕ ಓದಿ ಸಿಗುವ ವಿದ್ಯೆ ಇದಲ್ಲ. ವರ್ಷಕ್ಕೆ ಎರಡೋ ಮೂರೋ ಬಾರಿ ವಿದೇಶಕ್ಕೆ ಹೋಗಿ ಬಂದರೂ ಸಿಗುವುದಿಲ್ಲ.

ಅಂಕ ಲೆಕ್ಕದ ಕ್ರಮವೂ ಇದಕ್ಕೆ ತಕ್ಕಂತೆಯೇ ಇದೆ. ಗೆದ್ದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಕೊನೆಗೆ ಕಡಿಮೆ ಅಂಕದವರು ಮೇಲೆ. ಪ್ರತಿಯೊಬ್ಬರ ಒಂದು ಕೆಟ್ಟ ರೇಸನ್ನು ಲೆಕ್ಕದಿಂದ ಬಿಡುತ್ತಾರೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಹನ್ನೊಂದು ರೇಸ್‌ಗಳಿಂದ ಗಳಿಸಿದ್ದು ಒಟ್ಟು 32 ಅಂಕ. ಐದನೇ ಸ್ಥಾನದ ಒಂದು ರೇಸ್ ಕಳೆದರೆ 27. ಅಂದರೆ ಹನ್ನೊಂದರಲ್ಲಿ ಒಮ್ಮೆಯೂ ಐದಕ್ಕಿಂತ ಕೆಳಗೆ ಇಳಿಯಲಿಲ್ಲ. ಈ ಆಟದಲ್ಲಿ ಒಂದೆರಡು ಅಮೋಘ ಗೆಲುವಿಗಿಂತ ಕೆಟ್ಟ ದಿನ ಇಲ್ಲದಿರುವುದೇ ದೊಡ್ಡದು. ಕೆಟ್ಟ ದಿನ ಬಹುತೇಕ ಕೆಟ್ಟ ಆರಂಭದಿಂದಲೇ ಹುಟ್ಟುತ್ತದೆ.

ಕೆರೆಯಲ್ಲಿ ಕಲಿತವರು, ಕಡಲಲ್ಲಿ ಸ್ಪರ್ಧಿಸುವವರು

ನೇಹಾ ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಕಡಲಿನಿಂದ ಅದೆಷ್ಟೋ ದೂರದ ಊರು ಅದು. ದೇಶದ ಹೆಸರುವಾಸಿ ರೆಗಾಟಾಗಳಲ್ಲಿ, ಅಂದರೆ ಹಾಯಿದೋಣಿ ಸ್ಪರ್ಧಾಕೂಟಗಳಲ್ಲಿ, ಒಂದು ಪ್ರತಿ ಜುಲೈನಲ್ಲಿ ಹೈದರಾಬಾದಿನ ಹುಸೇನ್ ಸಾಗರದಲ್ಲಿ ನಡೆಯುತ್ತದೆ. ಕರಾವಳಿಯಲ್ಲಿ ದೋಣಿ ಇಳಿಸಲಾಗದ ಮುಂಗಾರಿನ ದಿನಗಳಲ್ಲಿ ದಖ್ಖನ್ ಪ್ರಸ್ಥಭೂಮಿಯ ಮೇಲೆ ಚೆನ್ನಾದ ಗಾಳಿ ಬೀಸುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರ ತ್ರಿಷ್ಣಾ ಕ್ಲಬ್ ಇದೆ. ಕೆರೆಗಳನ್ನು ಕೀಳಾಗಿ ಕಾಣುವ ಕೋಚ್‌ಗಳಿದ್ದಾರೆ, ಅದು ಸರಿಯಲ್ಲ. ಆಸ್ಟ್ರಿಯಾದವರೂ ಮೊದಲು ಕೆರೆಯಲ್ಲೇ ಕಲಿಯುತ್ತಾರೆ.

ಕೆರೆಯ ಗಾಳಿ ಒಂದೇ ಸಮನಾಗಿರುವುದಿಲ್ಲ. ಸುತ್ತಲಿನ ಕಟ್ಟಡ, ಗುಡ್ಡ, ಮರಗಳಿಗೆ ಬಡಿದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ಇನ್ನೂರು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಸಾಗುತ್ತಿರುವ ಎರಡು ದೋಣಿಗಳ ಮೇಲೆ ಗಾಳಿ ಹತ್ತು ಡಿಗ್ರಿ ತಿರುಗಿದರೆ, ಗಾಳಿ ತಿರುಗಿದ ಬದಿಯಲ್ಲಿರುವ ದೋಣಿಗೆ 35 ಮೀಟರ್ ಲಾಭ. ಇದನ್ನು ನೀರಿನ ಮೇಲಿನ ಕಪ್ಪು ನೆರಳಿನಲ್ಲಿ ಮೊದಲೇ ಓದುವ ಕಣ್ಣು ಕೆರೆಯವರಿಗೆ ಚೆನ್ನಾಗಿ ಪಳಗಿರುತ್ತದೆ. ಅವರಲ್ಲಿ ಇಲ್ಲದಿರುವುದು ಅಲೆಯ ಅನುಭವ.

ಐಎಲ್‌ಸಿಎಯ ಮೈ ಬರೀ 59 ಕಿಲೋ. ಕುಳಿತವರೇ ದೋಣಿಗಿಂತ ಭಾರ. ಗಾಳಿಗೆದುರು ಹೋಗುವಾಗ ಮೂತಿ ಅಲೆಗೆ ಹೊಡೆದರೆ ದೋಣಿ ನಿಂತೇಬಿಡುತ್ತದೆ. ಆದ್ದರಿಂದ ಅಲೆ ಏರುವಾಗ ತುಸು ಗಾಳಿಯ ಕಡೆಗೆ, ತಲೆ ದಾಟಿದೊಡನೆ ತುಸು ಆಚೆಗೆ ತಿರುಗಿಸುತ್ತ, ಅದರ ಜೊತೆಗೇ ಸೊಂಟದಿಂದ ಮೇಲಿನ ಮೈಯನ್ನು ಹಿಂದಕ್ಕೆ ಎಸೆಯುತ್ತ ಪ್ರತಿ ಮೂರ್ನಾಲ್ಕು ಸೆಕೆಂಡಿಗೆ ಒಮ್ಮೆ ಅದನ್ನೇ ಮಾಡಬೇಕು. ಕಾಲ್ಬೆರಳನ್ನು ಪಟ್ಟಿಗೆ ಸಿಕ್ಕಿಸಿ, ತೊಡೆಯ ಬಲದಲ್ಲಿ ದೋಣಿಯಾಚೆ ಜೋತು ಒಂದು ರೇಸ್‌ಗೆ ಐವತ್ತು ನಿಮಿಷ, ದಿನಕ್ಕೆ ಎರಡು ರೇಸ್. ಐಎಲ್‌ಸಿಎ 7ಕ್ಕೆ 80ರಿಂದ 85 ಕಿಲೋ ತೂಕದ ಮೈ ಬೇಕು ಎನ್ನುವುದು ಇದಕ್ಕೇ. 70 ಕಿಲೋದ ಹುಡುಗ 18 ನಾಟ್ (ಗಂಟೆಗೆ ಸುಮಾರು 33 ಕಿಲೋಮೀಟರ್) ಗಾಳಿಯಲ್ಲಿ ದೋಣಿಯನ್ನು ಮಟ್ಟವಾಗಿ ಹಿಡಿಯಲು ಕನಿಂಗ್‌ಹ್ಯಾಮ್ ಮತ್ತು ವ್ಯಾಂಗ್ ಹಗ್ಗಗಳನ್ನು ಬಿಗಿದು ಹಾಯಿಯ ಶಕ್ತಿಯನ್ನೇ ಕಳೆಯಬೇಕಾಗುತ್ತದೆ. ಆಗ ಗಾಳಿಗೆ ಹತ್ತಿರವಾಗಿ ಏರುವ ಕೋನ ಹೋಗುತ್ತದೆ. ಎಷ್ಟು ಜಾಣನಾದರೂ ಅದನ್ನು ಜಾಣ್ಮೆಯಿಂದ ತುಂಬಿಕೊಳ್ಳಲಾಗದು.

ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯುವಾಗ ಅಂತರ ಇನ್ನೂ ದೊಡ್ಡದು. ಅಲೆಯ ಇಳಿಜಾರಿನಲ್ಲಿ ಜಾರಿಸಿಕೊಂಡು ಹೋಗುವವರು ಒಂದೇ ಇಳಿಕೆಯಲ್ಲಿ ಹತ್ತಾರು ಸ್ಥಾನ ಗಳಿಸುತ್ತಾರೆ. ನಿಯಮ 42ರ ಪ್ರಕಾರ ಹಾಯಿಯನ್ನು ಬೀಸಣಿಗೆಯಂತೆ ಎಳೆದಾಡುವಂತಿಲ್ಲ, ದೋಣಿಯನ್ನು ತೂಗುವಂತಿಲ್ಲ. ಅಲೆಯ ಮೇಲೆ ಜಾರಲು ಒಂದು ಅಲೆಗೆ ಒಂದು ಎಳೆತಕ್ಕೆ ಮಾತ್ರ ಅವಕಾಶ. ನೀರಿನ ಮೇಲೆಯೇ ಇರುವ ತೀರ್ಪುಗಾರರು ಹಳದಿ ಬಾವುಟ ತೋರಿದರೆ ಎರಡು ಸುತ್ತು ತಿರುಗಬೇಕು. ಎರಡನೇ ಬಾರಿ ಸಿಕ್ಕಿಬಿದ್ದರೆ ಆ ರೇಸ್ ಬಿಟ್ಟುಬಿಡಬೇಕು. ಈ ಮಿತಿಯ ಅಂಚಿನವರೆಗೂ ಹೋಗಿ ದಾಟದಿರುವುದು ಕಡಲಲ್ಲಿ ಸಾವಿರಾರು ಅಲೆ ಹಿಡಿದವರಿಗೆ ಮಾತ್ರ ಸಾಧ್ಯ. ಕೆರೆಯಿಂದ ನೇರವಾಗಿ ಬಂದವರು ಒಂದೋ ಅಂಜಿ ಅಲೆ ಕಳೆದುಕೊಳ್ಳುತ್ತಾರೆ, ಇಲ್ಲವೇ ಬಾವುಟ ತಿನ್ನುತ್ತಾರೆ.

ಇಲ್ಲಿ ಆಸ್ಟ್ರೇಲಿಯಾದ ಉದಾಹರಣೆ ಕಣ್ತೆರೆಸುವಂಥದ್ದು. ಪುರುಷರ ಇದೇ ದೋಣಿಯಲ್ಲಿ ಆ ದೇಶ ಸತತ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಿದೆ: 2012ರಲ್ಲಿ ಟಾಮ್ ಸ್ಲಿಂಗ್ಸ್‌ಬಿ, 2016ರಲ್ಲಿ ಟಾಮ್ ಬರ್ಟನ್, ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಮ್ಯಾಟ್ ವರ್ನ್. ಒಬ್ಬರ ಹಿಂದೆ ಒಬ್ಬರು ಅದೇ ತರಬೇತಿ ಗುಂಪಿನಿಂದ ಬಂದರು. ವಿಶ್ವದ ಅತ್ಯುತ್ತಮರಲ್ಲಿ ಹಲವರು ಒಂದೇ ದಡದಿಂದ ದಿನವೂ ನೀರಿಗಿಳಿದರೆ, ಪಕ್ಕದವನಿಗಿಂತ ತಾನು ಅರ್ಧ ದೋಣಿ ಹಿಂದಾದದ್ದು ಯಾವ ಹಗ್ಗದಿಂದ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಒಂಟಿ ದೋಣಿಗೆ ತಾನು ವೇಗವಾಗಿದ್ದೇನೆಯೇ ನಿಧಾನವಾಗಿದ್ದೇನೆಯೇ ಎಂದು ತಿಳಿಯುವ ಮಾರ್ಗವೇ ಇಲ್ಲ. ಗಾಳಿ ಕ್ಷಣಕ್ಷಣವೂ ಬದಲಾಗುವುದರಿಂದ ಗಡಿಯಾರ ಹಿಡಿದು ಅಳೆಯಲೂ ಆಗುವುದಿಲ್ಲ.

ನೇತ್ರಾ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಹಂಗರಿಯ ಕೋಚ್ ಕೈಕೆಳಗೆ ವರ್ಷಗಳ ಕಾಲ ತಯಾರಾದದ್ದು ಈ ಕಾರಣಕ್ಕೇ. 2020ರ ಜನವರಿಯಲ್ಲಿ ಮಯಾಮಿಯಲ್ಲಿ ಅವರು ವಿಶ್ವಕಪ್ ಕಂಚು ಗೆದ್ದಾಗ, ಆ ಪದಕದ ಹಿಂದೆ ಇದ್ದದ್ದು ಬೇರೆ ದೇಶಗಳ ಹುಡುಗಿಯರ ದೋಣಿಗಳು. 2024ರ ಜನವರಿಯಲ್ಲಿ ಅಡಿಲೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 26ನೇ ಸ್ಥಾನ ಪಡೆದು ಪ್ಯಾರಿಸ್ ಟಿಕೆಟ್ ಗಳಿಸಿದ ವಿಷ್ಣು ಅವರಿಗೂ ನಮ್ಮಲ್ಲಿ ಸಮಬಲದ ಜೊತೆಗಾರರಿಲ್ಲ. ಪಕ್ಕದ ದೋಣಿಯನ್ನು ನಾವು ಡಾಲರ್, ಯೂರೋ ಕೊಟ್ಟು ಬಾಡಿಗೆಗೆ ತರುತ್ತಿದ್ದೇವೆ. ಇಬ್ಬರಿಗೆ ಅದು ಸಾಧ್ಯ. ಇಪ್ಪತ್ತು ಮಂದಿಗೆ ಸಾಧ್ಯವಿಲ್ಲ.

ಹದಿನಾರರಲ್ಲಿ ಒಡೆಯುವ ಸರಪಳಿ

ಮಕ್ಕಳು ಶುರುಮಾಡುವುದು 35 ಕಿಲೋ ತೂಕದ, ಡಬ್ಬದ ಮೂತಿಯ ಆಪ್ಟಿಮಿಸ್ಟ್ ದೋಣಿಯಲ್ಲಿ. ಹದಿನೈದು ತುಂಬುವ ವರ್ಷಕ್ಕೆ ಅದು ಮುಗಿಯುತ್ತದೆ. ಮುಂದಿನದು ಐಎಲ್‌ಸಿಎ 4. ಇದರ ಚೆಲುವೆಂದರೆ ದೋಣಿಯ ಮೈ, ಚುಕ್ಕಾಣಿ, ನೀರಿಗಿಳಿಸುವ ನಡುಹಲಗೆಯಾದ ಡ್ಯಾಗರ್‌ಬೋರ್ಡ್ ಕೊನೆಯವರೆಗೂ ಅವೇ. ಹಾಯಿಮರದ ಕೆಳತುಂಡು ಮತ್ತು ಹಾಯಿ ಮಾತ್ರ ಬದಲಾಗುತ್ತದೆ: 4.7 ಚದರ ಮೀಟರಿನಿಂದ 5.76, ಅಲ್ಲಿಂದ 7.06. ಒಂದೇ ದೋಣಿಯಲ್ಲಿ ಹದಿನಾರರ ಹುಡುಗಿಯೂ ಇಪ್ಪತ್ತೆಂಟರ ಸೈನಿಕನೂ ಅಭ್ಯಾಸ ಮಾಡಬಹುದು. ಬಡ ದೇಶಕ್ಕೆ ಇದಕ್ಕಿಂತ ಒಪ್ಪುವ ದೋಣಿ ಇನ್ನೊಂದಿಲ್ಲ. ಆದರೂ ಈ ದಾಟುವಿಕೆ ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷಗಳಲ್ಲೇ ಬೀಳುತ್ತದೆ. ಸೇನೆ, ನೌಕಾಪಡೆಯ ಕ್ರೀಡಾ ಕಂಪನಿಗಳಿಗೆ ಸೇರಿದವರಿಗೆ ಊಟ, ಶಿಕ್ಷಣ, ಮುಂದೆ ಕೆಲಸ ಎಲ್ಲವೂ ಅಲ್ಲೇ ಇರುತ್ತದೆ. ನಮ್ಮ ರಾಷ್ಟ್ರೀಯ ತಂಡಗಳಲ್ಲಿ ಸಮವಸ್ತ್ರದವರೇ ಹೆಚ್ಚಿರುವುದಕ್ಕೆ ಇದೇ ಕಾರಣ. ನಾಗರಿಕ ಕ್ಲಬ್‌ನ ಹುಡುಗ ಹುಡುಗಿಯರು ಇಲ್ಲಿಯೇ ಕಳಚಿಕೊಳ್ಳುತ್ತಾರೆ.

ಉಳಿದವರಿಗೆ ಸಿಗುವ ದೋಣಿಗಳ ಸ್ಥಿತಿಯೂ ಹೇಳಬೇಕಾದ್ದೇ. ಐಎಲ್‌ಸಿಎಯ ಮೈ, ಹಾಯಿ, ಹಾಯಿಮರದಂಥ ಮುಖ್ಯ ಭಾಗಗಳು ಪರವಾನಗಿ ಪಡೆದ ತಯಾರಕರಿಂದಲೇ ಬರಬೇಕು. ಸ್ಥಳೀಯವಾಗಿ ಹೊಲಿಸಿದ ಹಾಯಿ ಅಭ್ಯಾಸಕ್ಕಾಗುತ್ತದೆ, ರೇಸ್‌ಗೆ ಆಗುವುದಿಲ್ಲ. ಹೀಗಾಗಿ ಇರುವುದನ್ನು ಕಾಪಾಡಿಕೊಳ್ಳುವುದೇ ದಾರಿ. ಅದರಲ್ಲೇ ನಾವು ಹೆಚ್ಚು ಎಡವುತ್ತೇವೆ. ಬಿಸಿಲಿನಲ್ಲಿ, ನೀರು ಹೊರಬಿಡುವ ತೂತಿಗೆ ಬಿರಡೆ ಮುಚ್ಚಿಟ್ಟ ದೋಣಿಯ ಒಳಗಾಳಿ ಕಾದು ಹಿಗ್ಗಿ ಅಂಟುಗಳನ್ನು ಬಿಡಿಸುತ್ತದೆ. ದಡಕ್ಕೆ ಬಂದೊಡನೆ ಬಿರಡೆ ತೆಗೆಯಬೇಕು. ಹಾಯಿಮರ ಕೂರುವ ಗುಳಿಯ ತಳ ಸವೆದು ಸೋರತೊಡಗಿದರೆ ಒಂದು ದಿನ ಜೋರು ಗಾಳಿಯಲ್ಲಿ ಮರ ಡೆಕ್ ಸೀಳಿಕೊಂಡು ಬರುತ್ತದೆ. ಗುಳಿಗೆ ನೀರು ತುಂಬಿ ಮಟ್ಟ ಇಳಿಯುತ್ತದೆಯೇ ಎಂದು ನೋಡಿದರೆ ಮೊದಲೇ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ, ತಿಂಗಳಿಗೊಮ್ಮೆ ಮಾಡಿದರೆ ಸಾಕು. ಅಲ್ಯುಮಿನಿಯಂ ಹಾಯಿಮರದ ರಿವೆಟ್ ತೂತಿನಲ್ಲಿ ಉಪ್ಪು ಕೂತು ಕೊರೆಯುತ್ತದೆ, ಮುರಿಯುವುದೂ ಅಲ್ಲಿಯೇ. ಪ್ರತಿ ದಿನ ಸಿಹಿನೀರಿನಲ್ಲಿ ತೊಳೆಯುವ ನಲ್ಲಿ ದಡದಲ್ಲಿಲ್ಲದಿದ್ದರೆ ಹೊಸ ದೋಣಿಯೂ ಬೇಗ ಹಳೆಯದಾಗುತ್ತದೆ.

2028ರ ಲಾಸ್ ಏಂಜಲೀಸ್‌ನಲ್ಲೂ ಪ್ಯಾರಿಸ್‌ನ ಹತ್ತು ವಿಭಾಗಗಳೇ ಇವೆ. ಅವುಗಳಲ್ಲಿ ನಾಲ್ಕು, ನೀರಿನಿಂದ ಮೇಲೆದ್ದು ಫಾಯಿಲ್ (ನೀರೊಳಗಿನ ರೆಕ್ಕೆ) ಮೇಲೆ ಹಾರುವ ಹಲಗೆಗಳು: ಗಾಳಿಪಟ ಎಳೆಯುವಂಥವು ಮತ್ತು ಹಾಯಿ ಕಟ್ಟಿದ ವಿಂಡ್‌ಸರ್ಫ್. ಗಾಳಿಪಟದ ಸಲಕರಣೆ ವಿಮಾನದ ಲಗೇಜಿನಲ್ಲಿ ಹೋಗುತ್ತದೆ, ದೋಣಿ ಕಟ್ಟುವ ಜಟ್ಟಿ ಬೇಡ, ಮರಳ ದಂಡೆ ಸಾಕು. ರಾಮೇಶ್ವರದಲ್ಲಿ ಈ ಆಟ ಆಗಲೇ ಬೇರೂರಿದೆ. ಬೇಗ ಫಲ ಬೇಕೆನ್ನುವವರು ಇತ್ತ ನೋಡುವುದು ಸಹಜ, ತಪ್ಪೂ ಅಲ್ಲ. ಆದರೂ ದೊಡ್ಡ ಸಂಖ್ಯೆಯ ಮಕ್ಕಳನ್ನು ಹಿಡಿದಿಡುವ ಶಕ್ತಿ ಐಎಲ್‌ಸಿಎಗೇ ಇದೆ. 49ರ್‌ನಂಥ ಇಬ್ಬರು ನಡೆಸುವ ಹಗುರ ವೇಗದ ದೋಣಿಗಳು (ಸ್ಕಿಫ್) ದೇಶದಲ್ಲಿ ಬೆರಳೆಣಿಕೆಯಷ್ಟು. ಹಾಗಿದ್ದೂ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ 49ರ್ ಎಫ್‌ಎಕ್ಸ್‌ನಲ್ಲಿ ಬೆಳ್ಳಿ ತಂದದ್ದು ಅವರ ಛಲದಿಂದ.

ನಮ್ಮ ಕರಾವಳಿಯಲ್ಲಿ ಎಲ್ಲಿ, ಹೇಗೆ

ಕರ್ನಾಟಕದ ಕರಾವಳಿಗೆ ಒಳ್ಳೆಯ ಗಾಳಿಯಿದೆ. ಮಳೆಗಾಲ ಮುಗಿದ ಮೇಲೆ, ಅದರಲ್ಲೂ ಜನವರಿಯಿಂದ ಮೇವರೆಗೆ, ಬೆಳಗ್ಗೆ ನೆಲದ ಕಡೆಯಿಂದ ಮೂಡುಗಾಳಿ ಸಣ್ಣಗೆ ಬೀಸಿ ನಿಲ್ಲುತ್ತದೆ. ನಡುಹಗಲ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಎದ್ದು, ಸಂಜೆಗೆ ನಿಧಾನವಾಗಿ ಬಲಕ್ಕೆ ತಿರುಗುತ್ತ ವಾಯವ್ಯಕ್ಕೆ ನಿಲ್ಲುತ್ತದೆ. ಹಾಯಿ ಕಟ್ಟಿದ ಮಂಜಿ, ಮಚ್ವೆಗಳ ಕಾಲದವರಿಗೆ ಇದು ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಎಂಜಿನ್ ಬಂದ ಮೇಲೆ ಆ ತಿಳಿವಳಿಕೆಯ ಅಗತ್ಯ ಬೀಳಲಿಲ್ಲ. ರೇಸ್‌ನ ಲೆಕ್ಕದಲ್ಲಿ ಈ ಬಲ ತಿರುವು ಚಿನ್ನದಂಥ ಮಾಹಿತಿ: ಮಧ್ಯಾಹ್ನದ ಏರಿಕೆಯಲ್ಲಿ ಬಲಬದಿ ಹಿಡಿದವರಿಗೆ ಸಾಮಾನ್ಯವಾಗಿ ಲಾಭ.

ತೊಡಕಿರುವುದು ದೋಣಿ ಇಳಿಸುವ ಜಾಗದಲ್ಲಿ. ತೆರೆದ ದಂಡೆಯಲ್ಲಿ ಅಲೆ ಮುರಿಯುವೆಡೆ ಹನ್ನೆರಡರ ಮಗು ಚುಕ್ಕಾಣಿ ಕೂರಿಸುವಷ್ಟರಲ್ಲಿ ದೋಣಿ ಮಗುಚುತ್ತದೆ. ಚುಕ್ಕಾಣಿ ಪೂರ್ತಿ ಇಳಿಸಲು ಆಳ ಬೇಕು, ಆಳ ಸಿಗುವುದು ಅಲೆ ಮುರಿಯುವ ಸಾಲಿನ ಆಚೆಗೆ. ನದಿಯ ಅಳಿವೆಗಳಲ್ಲಿ ಮರಳ ದಿಬ್ಬ ವರ್ಷವರ್ಷವೂ ಜಾಗ ಬದಲಿಸುತ್ತದೆ. ಇಳಿತದ ನೀರು ಹೊರನುಗ್ಗುವಾಗ ಎದುರಿನಿಂದ ಕಡಲಗಾಳಿ ಬಡಿದರೆ ಅಳಿವೆ ಬಾಗಿಲಲ್ಲಿ ಎದ್ದು ನಿಲ್ಲುವ ಅಲೆ ಮೀನುಗಾರಿಕೆ ಬೋಟ್‌ಗಳನ್ನೇ ಮಗುಚಿದೆ. ಮಲ್ಪೆ, ಗಂಗೊಳ್ಳಿಯಂಥ ಬಂದರುಗಳೊಳಗೆ ಮೀನುಗಾರರಿಗೇ ಜಾಗ ಸಾಲದು. ಅಲ್ಲಿ ಕ್ರೀಡೆಯ ಹೆಸರಿನಲ್ಲಿ ಜಟ್ಟಿ ಕೇಳುವುದು ನ್ಯಾಯವೂ ಅಲ್ಲ. ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಬೆಳೆದದ್ದು ಅದಕ್ಕೆ ಒಂದು ಹಲಗೆ ಮತ್ತು ಅಲೆ ಸಾಕಾದ್ದರಿಂದ. ಹಾಯಿದೋಣಿಗೆ ಅಲೆ ತಡೆಯುವ ಮರೆ ಬೇಕು, ಇಳಿಜಾರು ಬೇಕು, ಜೊತೆಗೆ ಹೋಗುವ ರಕ್ಷಣಾ ಬೋಟ್ ಬೇಕು.

ಗುಡ್ಡ ಮತ್ತು ದ್ವೀಪಗಳ ಮರೆಯಿರುವ ಕಾರವಾರದ ಕೊಲ್ಲಿ ಇದಕ್ಕೆ ಹೇಳಿಮಾಡಿಸಿದಂತಿದೆ. ಕಾಳಿ ನದಿಯ ಒಳಬದಿಯಲ್ಲಿ ಚಿಕ್ಕವರು, ಕೊಲ್ಲಿಯಲ್ಲಿ ನಡುಹಂತದವರು, ದ್ವೀಪಗಳಾಚೆ ಅಲೆಯಲ್ಲಿ ಪಳಗಿದವರು ಎಂದು ಒಂದೇ ದಡದಿಂದ ಮೂರು ಹಂತ ನಡೆಸಬಹುದು. ನೌಕಾನೆಲೆ ಹತ್ತಿರವಿರುವುದರಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಒಂದು ಎಚ್ಚರಿಕೆ: ಹತ್ತು ಊರಿಗೆ ಎರಡೆರಡು ದೋಣಿ ಹಂಚುವ ಯೋಜನೆ ಬಂದರೆ ಅದನ್ನು ಒಪ್ಪಬಾರದು. ಕಾಗದದ ಮೇಲೆ ಅದು ಚೆನ್ನಾಗಿ ಕಾಣುತ್ತದೆ, ನೀರಿನ ಮೇಲೆ ಹತ್ತು ಕಡೆ ಒಂಟಿ ದೋಣಿಗಳು ಉಳಿಯುತ್ತವೆ. ಆ ಇಪ್ಪತ್ತೂ ಒಂದೇ ಕಡೆ ಇರಲಿ. ಎಂಟು ದೋಣಿಗೊಂದು ಗಾಳಿತುಂಬಿದ ರಬ್ಬರ್ ಅಂಚಿನ ರಕ್ಷಣಾ ಬೋಟ್, ಅದರ ಚಾಲಕನ ಕಾಲಿಗೆ ಕಟ್ಟಿದ ಕಿಲ್ ಕಾರ್ಡ್ (ಆತ ಬಿದ್ದರೆ ಎಂಜಿನ್ ನಿಲ್ಲಿಸುವ ದಾರ), ವಿಎಚ್‌ಎಫ್ ರೇಡಿಯೊ, ಎಳೆಯುವ ಹಗ್ಗ, ಲಂಗರು ಇವಿಷ್ಟು ಇಲ್ಲದೆ ಒಂದು ದೋಣಿಯನ್ನೂ ಇಳಿಸಬಾರದು.

ಹೊಸ ದೋಣಿಗಳೇ ಬೇಕೆಂದೂ ಇಲ್ಲ. ಬಳಸಿದ ದೋಣಿಗಳು ಸಾಕು, ಎಲ್ಲವೂ ಒಂದೇ ವರ್ಗದವಾಗಿರಬೇಕು ಅಷ್ಟೇ. ಹನ್ನೆರಡು ದೋಣಿಗಳಿದ್ದರೂ ದೊಡ್ಡ ಫ್ಲೀಟ್‌ನ ಆರಂಭವನ್ನು ಕಲಿಸುವ ಉಪಾಯವಿದೆ. ಅವುಗಳ ಒಟ್ಟು ಉದ್ದ 50 ಮೀಟರ್. ಗೆರೆಯನ್ನು ಬೇಕೆಂದೇ 40 ಮೀಟರಿಗೆ ಹಾಕಿ. ಹನ್ನೆರಡಕ್ಕೂ ಜಾಗವಿಲ್ಲ, ಇಬ್ಬರೋ ಮೂವರೋ ಹಿಂದೆ ಬೀಳಲೇಬೇಕು. ಐದರ ಬದಲು ಮೂರು ನಿಮಿಷದ ಎಣಿಕೆ, ಆರಂಭವಾಗಿ ಇನ್ನೂರು ಮೀಟರ್ ಹೋದ ಕೂಡಲೇ ಸೀಟಿ, ವಾಪಸು. ಹೀಗೆ ಗಂಟೆಗೆ ಹತ್ತು ಆರಂಭ. ಗೆರೆಯನ್ನು ಮೊದಲೇ ದಾಟಿದವರು ಮುಂದಿನ ಸುತ್ತಿಗೆ ಹೊರಗೆ. ವಾರಕ್ಕೆ ಮೂರು ಮಧ್ಯಾಹ್ನ ಒಂದೊಂದು ಗಂಟೆ ಇದನ್ನೇ ಮಾಡಿದರೆ ತಿಂಗಳಿಗೆ ನೂರಿಪ್ಪತ್ತು ಆರಂಭ. ದಿನಕ್ಕೆರಡು ರೇಸ್‌ನಂತೆ ಐದು ದಿನ ನಡೆಯುವ ರೆಗಾಟಾಗಳಲ್ಲಿ ಅಷ್ಟು ಆರಂಭ ಸಿಗಬೇಕಾದರೆ ಹನ್ನೆರಡು ರೆಗಾಟಾ ಬೇಕು.